ಎಳೆಯುವ ಬಲವೋ, ನಿಲ್ಲಿಸುವ ಬಲವೋ?

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲದಿಂದ ನೆಲಸಿರುವ ನನ್ನ ಬಂಧುವೊಬ್ಬರು ಉದ್ಯೋಗದಿಂದ ನಿವೃತ್ತರಾದ ಬಳಿಕ ಒಂದು ಮೋಟಾರುಮನೆಯನ್ನು ಕೊಂಡರು. ಮೋಟಾರುಮನೆಯೆಂದರೆ, ಹೆಸರೇ ಸೂಚಿಸುವಂತೆ, ಚಕ್ರಗಳ ಮೇಲೆ ಓಡಾಡುವ ಮನೆ. ಲಾರಿಯದರಂಥ ಬಲವಾದ ಚೌಕಟ್ಟಿನ ಮೇಲೆ ಹಾಸಿಗೆ, ಅಡಿಗೆಯ ಒಲೆ, ನೀರಿನ ತೊಟ್ಟಿ, ಸ್ನಾನದ ಕೋಣೆ ಎಲ್ಲವನ್ನೂ ಅಳವಡಿಸಿರುತ್ತಾರೆ. ಆ ವಿಶಾಲ ದೇಶದ ಕಾಡುಗಳನ್ನೂ ಪರ್ವತಪ್ರಾಂತಗಳನ್ನೂ ಸಾವಕಾಶವಾಗಿ ಸುತ್ತಿ ನೋಡಬೇಕೆನ್ನುವವರಿಗೆ ಅದು ಬಹಳ ಅನುಕೂಲವಾದುದು. ಆದರೆ ಒಂದು ತೊಡಕುಂಟು. ಬೀಡುಬಿಟ್ಟ ಸ್ಥಳದಿಂದ ಹತ್ತು ಮೈಲಿ ದೂರದ ಅಂಗಡಿಗೆ ಹಾಲು ತರಲು ಹೋಗಬೇಕೆಂದರೂ ಇಡೀ ಮನೆಯನ್ನೇ ಎಬ್ಬಿಸಿಕೊಂಡು ಹೊರಡಬೇಕು! ಆದುದರಿಂದ ಅನೇಕರು ಚಿಕ್ಕ ಕಾರೊಂದನ್ನು ಹಿಂದೆ ಎಳೆದುಕೊಂಡೇ ಪ್ರವಾಸ ಮಾಡುತ್ತಾರೆ.

ನನ್ನ ಬಂಧುವಿಗೂ ಈ ಬಯಕೆ ಹುಟ್ಟಿತು. ಅವರು ನನಗೆ ಬರೆದುದು ಹೀಗೆ: “ನಮ್ಮ ಗಾಡಿಯ ಎಂಜಿನು ಹತ್ತು ಸಿಲಿಂಡರಿನದು. ಅದಕ್ಕೆ ಬೇಕಾದಷ್ಟು ಬಲವುಂಟು. ಗಟ್ಟಿಮುಟ್ಟಾದ ಉಕ್ಕಿನ ಟ್ರೇಲರೊಂದು ಅಗ್ಗದ ಬೆಲೆಗೆ ಸಿಕ್ಕುತ್ತಿದೆ. ಕಾರನ್ನು ಅದರ ಮೇಲೆ ಹತ್ತಿಸಿ ಎಳೆದೊಯ್ಯಬಹುದಷ್ಟೆ?”

ಈ ಪ್ರಶ್ನೆಯನ್ನು ಓದಿದಾಗ, ವಿದ್ಯಾವಂತರಾದ ನಾವು ಎಷ್ಟು ಸುಲಭವಾಗಿ ತಪ್ಪು ಪ್ರಶ್ನೆಯನ್ನು ಕೇಳುತ್ತೇವೆ ಎಂಬ ಯೋಚನೆ ನನಗೆ ಬಂದಿತು. “ಎಂಜಿನು ಎಳೆಯಬಲ್ಲುದೆ?” ಎಂಬುದು ಕೊನೆಯ ಪ್ರಶ್ನೆ. ಮೊದಲು ಕೇಳಬೇಕಾದವು ಎರಡು: “ಇದನ್ನು ನಿಲ್ಲಿಸಬಲ್ಲೆನೆ? ಇದು ನೆಟ್ಟಗೆ ಹಿಂಬಾಲಿಸುವುದೆ?” ಟ್ರೇಲರನ್ನು ಆರಿಸುವವರು ಎಳೆಯುವ ಬಲವನ್ನಲ್ಲ, ನಿಲ್ಲಿಸುವ ಬಲವನ್ನೂ ಭಾರದ ಸಮತೋಲವನ್ನೂ ನೋಡಿ ಆರಿಸಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು.

ಕಾರನ್ನು ಹಿಂದೆ ಎಳೆಯುವುದಕ್ಕೆ ಮೂರು ಮಾರ್ಗಗಳಿವೆ. ಮೊದಲನೆಯದು, ಅದರ ನಾಲ್ಕು ಚಕ್ರಗಳೂ ನೆಲದ ಮೇಲೆ ಉರುಳುವಂತೆ ಉಕ್ಕಿನ ತೋಳುಗಳಿಂದ ಜೋಡಿಸಿ ಎಳೆಯುವುದು. ಇದರಲ್ಲಿ ಟ್ರೇಲರಿನ ತೂಕವೇ ಇಲ್ಲ. ನಮ್ಮಲ್ಲಿ ಜಿಪ್ಸಿ ಎಂದು ಹೆಸರಾದ ವಾಹನದ ದಾಯಾದಿಯೆನ್ನಬಹುದಾದ ಸುಜುಕಿ ಸಮುರಾಯ್ ಅಮೆರಿಕದಲ್ಲಿ ಅನೇಕ ಮೋಟಾರುಮನೆಗಳ ಹಿಂದೆ ಹೀಗೆ ಓಡಿದ್ದುಂಟು. ಆದರೆ ಎಲ್ಲ ಕಾರುಗಳಿಗೂ ಇದು ಒಗ್ಗದು. ತಾನೇ ಗೇರು ಬದಲಿಸಿಕೊಳ್ಳುವ ಅನೇಕ ಕಾರುಗಳಲ್ಲಿ ಗೇರುಪೆಟ್ಟಿಗೆಗೆ ಎಣ್ಣೆಯನ್ನು ಹರಿಸುವ ಪಂಪು ಎಂಜಿನು ತಿರುಗಿದಾಗ ಮಾತ್ರ ಕೆಲಸ ಮಾಡುತ್ತದೆ. ಎಂಜಿನು ನಿಂತಿರುವಾಗ ಚಕ್ರಗಳು ನೂರಾರು ಕಿಲೋಮೀಟರ್ ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿ ಕೆಡುವುವು. ಎರಡನೆಯದು ಡಾಲಿ: ಮುಂದಿನ ಎರಡು ಚಕ್ರಗಳನ್ನು ಮಾತ್ರ ಹೊತ್ತುಕೊಳ್ಳುವ ಪುಟ್ಟ ಗಾಡಿ. ಮುಂಚಕ್ರಗಳಿಂದ ಚಲಿಸುವ ಕಾರುಗಳಿಗೆ ಇದು ಹೊಂದುತ್ತದೆಯಾದರೂ ಇಡೀ ಜೋಡಿಯನ್ನು ಹಿಂದಕ್ಕೆ ನಡೆಸುವುದು ಬಹುಮಟ್ಟಿಗೆ ಅಸಾಧ್ಯ. ಮೂರನೆಯದು, ಕಾರನ್ನು ಪೂರ್ತಿಯಾಗಿ ಹೊರುವ ಟ್ರೇಲರು. ಕಾರಿನ ತಯಾರಕರು ಮೊದಲನೆಯ ಮಾರ್ಗವನ್ನು ಒಪ್ಪಿದ್ದರೆ ಅದೇ ಮೇಲು. ಆಗಲೂ ಕಾರಿನ ಬ್ರೇಕನ್ನು ಒತ್ತುವ ಸಾಧನವನ್ನು ಜೋಡಿಸದೆ ಹೊರಡಬಾರದು. ನನ್ನ ಬಂಧುವಿನ ಕಾರಿಗೆ ಆ ಒಪ್ಪಿಗೆ ಇರಲಿಲ್ಲ. ಆದುದರಿಂದ ಟ್ರೇಲರೇ ಗತಿ.

ಈಗ ಲೆಕ್ಕಕ್ಕೆ ಬರೋಣ. ಆ ದೇಶದಲ್ಲಿ ಬಹುಸಂಖ್ಯೆಯ ಮೋಟಾರುಮನೆಗಳನ್ನು ಫೋರ್ಡ್ ಇ-450 ಎಂಬ ಚೌಕಟ್ಟಿನ ಮೇಲೆ ಕಟ್ಟಲಾಗಿದೆ. ಹತ್ತು ಸಿಲಿಂಡರಿನ ಎಂಜಿನಿದ್ದ ಅಂಥ ಹಲವು ಚೌಕಟ್ಟುಗಳಲ್ಲಿ ವಾಹನದ ಒಟ್ಟು ತೂಕದ ಮಿತಿ 14,500 ಪೌಂಡು, ಎಂದರೆ ಸುಮಾರು 6,577 ಕಿಲೋಗ್ರಾಂ. ಹಿಂದಿನ ಗಾಡಿಯೂ ಸೇರಿ ಜೋಡಿಯ ಮಿತಿ 22,000 ಪೌಂಡು, ಎಂದರೆ ಸುಮಾರು 9,979 ಕಿಲೋಗ್ರಾಂ. ಕಳೆದರೆ 3,402 ಕಿಲೋಗ್ರಾಂ ಉಳಿಯಿತು. ‘ಇಷ್ಟನ್ನು ಎಳೆಯಬಹುದು’ ಎಂದು ಎಂಜಿನಿನ ಬಲವನ್ನು ಮೆಚ್ಚುವವರು ಇಲ್ಲಿಗೇ ಲೆಕ್ಕವನ್ನು ಮುಗಿಸುತ್ತಾರೆ. ಆದರೆ ಎಳೆಯುವ ಕೊಂಡಿಗೂ ತನ್ನದೇ ಮಿತಿಯೊಂದುಂಟು. ಮೋಟಾರುಮನೆಯನ್ನು ಕಟ್ಟುವವರು ಮೂಲ ಚೌಕಟ್ಟನ್ನು ಹಿಂದಕ್ಕೆ ಬೆಳೆಸಿ, ಹಾಗೆ ಬೆಳೆಸಿದ ತುದಿಗೆ ಕೊಂಡಿಯನ್ನು ಜೋಡಿಸಿರುತ್ತಾರೆ. ಅನೇಕ ಗಾಡಿಗಳಲ್ಲಿ ಅದು ಎಳೆಯಬಹುದಾದ ಭಾರ 5,000 ಪೌಂಡು, ಎಂದರೆ 2,268 ಕಿಲೋಗ್ರಾಂ ಮಾತ್ರ. ಅದರ ಮೇಲೆ ನೇರವಾಗಿ ಕೂರಬಹುದಾದ ಭಾರ ಇದರ ಹತ್ತನೆಯ ಒಂದು ಪಾಲು, ಎಂದರೆ 227 ಕಿಲೋಗ್ರಾಂ. ಹಲವು ಮಿತಿಗಳಿರುವಲ್ಲಿ ಎಲ್ಲಕ್ಕಿಂತ ಕಿರಿದಾದುದೇ ನಿಜವಾದ ಮಿತಿ. ನನ್ನ ಬಂಧುವಿನ ಗಾಡಿಯ ಕೊಂಡಿಯ ಮೇಲೂ ಇದೇ ಅಂಕೆಗಳಿದ್ದುವು.

ಎರಡು ಅಚ್ಚುಗಳ ಉಕ್ಕಿನ ಟ್ರೇಲರೊಂದು ತಾನೇ ಸುಮಾರು 900 ಕಿಲೋಗ್ರಾಂ ತೂಗುತ್ತದೆ. ಚಿಕ್ಕ ಕಾರು 1,130 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಒಟ್ಟು 2,030. ಮಿತಿಯೊಳಗೇ ಇದೆಯಲ್ಲ ಎನ್ನುವಿರಾ? ಸ್ವಲ್ಪ ತಾಳಿ. ಕೊಂಡಿಯ ಮೇಲೆ ಕೂರುವ ಭಾರವನ್ನು ಇನ್ನೂ ನೋಡಿಲ್ಲ.

ಈ ಭಾರವೆಂದರೇನೆಂಬುದನ್ನು ನಮ್ಮ ಹಳ್ಳಿಗಳ ಗಾಡಿ ಹೊಡೆಯುವವರು ಪುಸ್ತಕಗಳ ನೆರವಿಲ್ಲದೆಯೇ ಅರಿತಿದ್ದರು. ಎತ್ತಿನ ಗಾಡಿಗೆ ಒಂದೇ ಅಚ್ಚು, ಎರಡೇ ಚಕ್ರ. ಹುಲ್ಲನ್ನೋ ಮೂಟೆಗಳನ್ನೋ ಹಿಂದಕ್ಕೆ ಹೆಚ್ಚಾಗಿ ಹೇರಿದರೆ ಮೂಕಿ ಮೇಲೇಳುವುದು. ನೊಗ ಎತ್ತುಗಳ ಹೆಗಲನ್ನು ಬಿಟ್ಟು, ಕೊರಳಿಗೆ ಕಟ್ಟಿದ ಹಗ್ಗ ಬಿಗಿಯುವುದು. ಮುಂದಕ್ಕೆ ಹೆಚ್ಚಾದರೆ ಹೆಗಲು ಹುಣ್ಣಾಗುವುದು. ಆದುದರಿಂದಲೇ ಅನುಭವಿಗಳು ಹೇರು ಕಟ್ಟುವಾಗ ಮೂಕಿಯನ್ನು ಕೈಯಿಂದ ಎತ್ತಿ ನೋಡಿ, ಭಾರ ಒಂದಿಷ್ಟು ಮಾತ್ರ ಮುಂದಿರುವಂತೆ ಸರಿಪಡಿಸುತ್ತಿದ್ದರು. ಟ್ರೇಲರಿನ ವಿಷಯದಲ್ಲಿಯೂ ನಿಯಮ ಇದೇ. ಅದರ ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೂಲಕ ಕೊಂಡಿಯ ಮೇಲೆ ಕೂರಬೇಕು.

ಈ ನಿಯಮವನ್ನು ಮೀರಿದರೆ ಆಗುವುದೇನು? ಎತ್ತಿನ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರಿನಂತೆ ಚಲಿಸುತ್ತದೆ; ಟ್ರೇಲರಾದರೋ ನೂರು ಕಿಲೋಮೀಟರಿನಂತೆ. ಪಕ್ಕದಲ್ಲಿ ಭಾರಿ ಲಾರಿಯೊಂದು ಹಾದುಹೋದಾಗ ಗಾಳಿಯ ಹೊಡೆತಕ್ಕೆ ಟ್ರೇಲರಿನ ಬಾಲ ಒಂದು ಕಡೆಗೆ ಸರಿಯುತ್ತದೆ. ಗುರುತ್ವಕೇಂದ್ರವು ಅಚ್ಚಿನ ಮುಂದಿದ್ದರೆ, ಎಂದರೆ ಕೊಂಡಿಗೂ ಚಕ್ರಗಳಿಗೂ ನಡುವೆ ಇದ್ದರೆ, ಎರಡೂ ಕಡೆಯಿಂದ ಹಿಡಿತ ದೊರೆತು ಓಲಾಟವು ಕ್ರಮೇಣ ಅಡಗುವುದು. ಅದು ಅಚ್ಚಿನ ಹಿಂದಿದ್ದರೆ ಹಿಂದಿನ ಭಾರವು ಬೀಸುವಾಗ ಮೂಕಿಯು ಎದುರು ದಿಕ್ಕಿಗೆ ತಿರುಗಿ ಮೋಟಾರುಮನೆಯ ಹಿಂಭಾಗವನ್ನು ತಳ್ಳುತ್ತದೆ. ಆ ತಳ್ಳುವಿಕೆಯೇ ಮುಂದಿನ ಬೀಸನ್ನು ಹೆಚ್ಚಿಸುತ್ತದೆ. ಪ್ರತಿಯೊಂದು ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ, ಕೆಲವೇ ಕ್ಷಣಗಳಲ್ಲಿ ಎರಡೂ ವಾಹನಗಳು ಉರುಳಬಹುದು. ಇಂಥ ಓಲಾಟಕ್ಕೆ ಒಂದು ಮಿತಿವೇಗವುಂಟು. ಅದರ ಕೆಳಗೆ ಓಲಾಟವು ತಾನೇ ಕುಗ್ಗುತ್ತದೆ, ಮೇಲೆ ತಾನೇ ಬೆಳೆಯುತ್ತದೆ. ಭಾರವು ಹಿಂದಕ್ಕೆ ಸರಿದಷ್ಟೂ ಆ ಮಿತಿ ಕೆಳಗಿಳಿಯುತ್ತದೆ.

ತರುಣ ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಆಟಿಕೆಯ ಕಾರೊಂದಕ್ಕೆ ಎರಡು ಚಕ್ರಗಳ ಪುಟ್ಟ ಗಾಡಿಯನ್ನು ಸಡಿಲವಾದ ಮೊಳೆಯಿಂದ ಸಿಕ್ಕಿಸಿ, ವ್ಯಾಯಾಮಶಾಲೆಗಳಲ್ಲಿರುವ ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ದಾರದಿಂದ ಹಿಡಿದು ನಿಲ್ಲಿಸಿ. ಗಾಡಿಯ ಮುಂಭಾಗದಲ್ಲಿ ತೂಕವಿಟ್ಟು ಬೆರಳಿನಿಂದ ಪಕ್ಕಕ್ಕೆ ತಟ್ಟಿದರೆ ಅದು ಬೇಗ ನೆಟ್ಟಗಾಗುವುದು. ಅದೇ ತೂಕವನ್ನು ಅಚ್ಚಿನ ಹಿಂದಕ್ಕೆ ಸರಿಸಿ ವೇಗವನ್ನು ಹೆಚ್ಚಿಸಿ ತಟ್ಟಿರಿ. ಹುಚ್ಚುಹಿಡಿದಂತೆ ಬಾಲವನ್ನು ಬಡಿಯತೊಡಗುವುದು.

ಈಗ ಮತ್ತೆ ಲೆಕ್ಕಕ್ಕೆ ಮರಳೋಣ. ಒಟ್ಟು 2,030 ಕಿಲೋಗ್ರಾಂ ತೂಕಕ್ಕೆ ಮೂಕಿಯ ಭಾರ 203ರಿಂದ 305ರವರೆಗೆ ಇರಬೇಕು. ಕೊಂಡಿ ಒಪ್ಪುವುದು 227 ಮಾತ್ರ. ಎಂದರೆ 203ಕ್ಕಿಂತ ಕಡಮೆಯಾದರೆ ಓಲಾಟದ ಭಯ, 227ಕ್ಕಿಂತ ಹೆಚ್ಚಾದರೆ ಕೊಂಡಿಗೆ ಅಪಾಯ. ನಡುವೆ ನಮಗೆ ಉಳಿದ ದಾರಿ 24 ಕಿಲೋಗ್ರಾಂ ಅಗಲದ್ದು! ಕೊಂಡಿಯಿಂದ ಅಚ್ಚುಗಳ ನಡುವಿಗೆ 4 ಮೀಟರ್ ದೂರವಿದ್ದರೆ, ಕಾರನ್ನು ಕೇವಲ 20 ಸೆಂಟಿಮೀಟರ್ ಮುಂದಕ್ಕೋ ಹಿಂದಕ್ಕೋ ನಿಲ್ಲಿಸಿದರೂ ಮೂಕಿಯ ಭಾರ ಸುಮಾರು 56 ಕಿಲೋಗ್ರಾಂ ಬದಲಾಗುತ್ತದೆ. ಗೇಣಳತೆಯ ಎಡವಟ್ಟೊಂದು ಸಾಕು, ಲೆಕ್ಕ ಕೆಡಲು. ಇದೇ ಕಾರನ್ನು 650 ಕಿಲೋಗ್ರಾಂ ತೂಗುವ ಅಲ್ಯೂಮಿನಿಯಂ ಟ್ರೇಲರಿನ ಮೇಲೆ ಇಟ್ಟರೆ ಒಟ್ಟು 1,780. ಮೂಕಿಯ ಭಾರ ಕನಿಷ್ಠ 178. ನಮ್ಮ ದಾರಿ 49 ಕಿಲೋಗ್ರಾಮಿಗೆ ಅಗಲವಾಯಿತು. ಗಟ್ಟಿಮುಟ್ಟಾದ ಉಕ್ಕಿನ ಟ್ರೇಲರು ಹೆಚ್ಚು ಸುರಕ್ಷಿತವೆಂದು ತೋರಿದರೂ, ಈ ಜೋಡಿಯ ಮಟ್ಟಿಗೆ ಹಗುರವಾದುದೇ ಹೆಚ್ಚು ಸುರಕ್ಷಿತ.

ಮೋಟಾರುಮನೆಗೆ ಇನ್ನೊಂದು ವಿಶೇಷವುಂಟು. ಅದರ ದೇಹ ಹಿಂದಿನ ಅಚ್ಚನ್ನು ದಾಟಿ ಬಹಳ ದೂರ ಚಾಚಿಕೊಂಡಿರುತ್ತದೆ. ಇಲ್ಲಿ ಸನ್ನೆಯ ನಿಯಮ ಕೆಲಸ ಮಾಡುವುದು. ಎರಡು ಅಚ್ಚುಗಳ ನಡುವೆ 4.5 ಮೀಟರ್, ಹಿಂದಿನ ಅಚ್ಚಿನಿಂದ ಕೊಂಡಿಗೆ 3 ಮೀಟರ್ ಎಂದಿಟ್ಟುಕೊಂಡರೆ, ಕೊಂಡಿಯ ಮೇಲೆ ಕೂತ 225 ಕಿಲೋಗ್ರಾಂ ಹಿಂದಿನ ಅಚ್ಚಿನ ಮೇಲೆ 375 ಆಗುತ್ತದೆ. ಮುಂದಿನ ಅಚ್ಚಿನಿಂದ 150 ಕಿಲೋಗ್ರಾಂ ಎತ್ತಿಹೋಗುತ್ತದೆ. ದಿಕ್ಕು ತಿರುಗಿಸುವ ಚಕ್ರಗಳು ಮುಂದಿನವೇ ಎಂಬುದನ್ನು ನೆನೆದರೆ ಇದರ ಗಂಭೀರತೆ ತಿಳಿದೀತು.

ಇನ್ನು ನಿಲ್ಲಿಸುವ ಮಾತು. 2,000 ಕಿಲೋಗ್ರಾಮಿನ ಟ್ರೇಲರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 7.7 ಲಕ್ಷ ಜೂಲ್. ಸುಮಾರು ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲ ಶಾಖವಿದು. ಒಮ್ಮೆ ನಿಲ್ಲಿಸುವಾಗ ಇಷ್ಟು ಶಾಖವನ್ನು ಬ್ರೇಕುಗಳು ನುಂಗಬೇಕು. ಬೆಟ್ಟವಿಳಿಯುವಾಗಿನ ಲೆಕ್ಕ ಇದಕ್ಕಿಂತ ಬಹಳ ದೊಡ್ಡದು. ಕೊಲರಾಡೋದ ಪರ್ವತಗಳಲ್ಲಿ ಸುಮಾರು 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗದಿಂದ ಸುಮಾರು 1,600 ಮೀಟರ್ ಎತ್ತರದ ಡೆನ್ವರ್ ನಗರಕ್ಕೆ ಇಳಿಯುವಾಗ ಆ ಟ್ರೇಲರು ಬಿಟ್ಟುಕೊಡುವ ಶಕ್ತಿ ಸುಮಾರು 3.5 ಕೋಟಿ ಜೂಲ್, ಎಂದರೆ ಒಂದು ಲೀಟರ್ ಪೆಟ್ರೋಲು ಉರಿದಾಗ ಬರುವ ಶಾಖಕ್ಕೆ ಹೆಚ್ಚುಕಡಮೆ ಸಮ. ಇದರಲ್ಲಿ ಒಂದು ಪಾಲನ್ನು ಗಾಳಿಯ ತಡೆಯೂ ಎಂಜಿನೂ ವಹಿಸಿಕೊಳ್ಳುವುವು. ಏರಿದ ಗೇರಿನಲ್ಲೇ ಇಳಿಯಬೇಕೆಂದು ಆಗುಂಬೆ, ಚಾರ್ಮಾಡಿ ಘಟ್ಟಗಳ ಚಾಲಕರು ಹೇಳುವುದು ಈ ಕಾರಣಕ್ಕಾಗಿಯೇ. ಉಳಿದುದೆಲ್ಲ ಬ್ರೇಕಿನ ಪಾಲು. ಟ್ರೇಲರಿಗೆ ಬ್ರೇಕಿಲ್ಲವಾದರೆ ಆರೂವರೆ ಟನ್ನಿನ ಮನೆಯನ್ನು ಹಿಡಿಯಲು ಹೆಣಗುತ್ತಿರುವ ಬ್ರೇಕುಗಳೇ ಇದನ್ನೂ ಹಿಡಿಯಬೇಕು. ಕಾದು ಸೋತ ಬ್ರೇಕಿನ ಲಾರಿಗಳು ನುಗ್ಗಿ ನಿಲ್ಲಲೆಂದು ಆ ಹೆದ್ದಾರಿಯ ಪಕ್ಕದಲ್ಲಿ ಜಲ್ಲಿಯ ದಿಬ್ಬಗಳನ್ನು ಕಟ್ಟಿದ್ದಾರೆ. ಅವು ಅಲಂಕಾರಕ್ಕಾಗಿ ಇರುವುವಲ್ಲ.

ಆ ದೇಶದ ಹಲವು ರಾಜ್ಯಗಳಲ್ಲಿ 3,000 ಪೌಂಡಿಗಿಂತ ಭಾರವಾದ ಟ್ರೇಲರಿಗೆ ಬ್ರೇಕು ಕಡ್ಡಾಯ. ನನ್ನ ಮತವನ್ನು ಕೇಳಿದರೆ ಕಾರನ್ನು ಹೊರುವ ಯಾವ ಟ್ರೇಲರೂ ಬ್ರೇಕಿಲ್ಲದೆ ರಸ್ತೆಗಿಳಿಯಬಾರದು. ಬ್ರೇಕುಗಳಲ್ಲಿ ಎರಡು ಬಗೆ. ಮುಂದಿನ ವಾಹನ ನಿಧಾನವಾದಾಗ ಟ್ರೇಲರು ಅದನ್ನು ತಳ್ಳುವ ಬಲದಿಂದಲೇ ಕೆಲಸ ಮಾಡುವುದು ಒಂದು. ಇದಕ್ಕೆ ಚಾಲಕನ ಬಳಿ ಬೇರೆ ಸಲಕರಣೆ ಬೇಡ. ಇನ್ನೊಂದು ವಿದ್ಯುತ್ತಿನಿಂದ ನಡೆಯುವುದು. ನಾನು ಎರಡನೆಯದನ್ನು ಮೆಚ್ಚುತ್ತೇನೆ. ಏಕೆಂದರೆ ಓಲಾಟ ಆರಂಭವಾದಾಗ ಮಾಡಬೇಕಾದುದು ಮುಂದಿನ ವಾಹನದ ಬ್ರೇಕನ್ನು ತುಳಿಯುವುದಲ್ಲ. ವೇಗವನ್ನು ಕೊಡುವುದನ್ನು ಬಿಟ್ಟು, ಟ್ರೇಲರಿನ ಬ್ರೇಕನ್ನು ಮಾತ್ರ ಮೆಲ್ಲನೆ ಹಾಕಿ ಅದನ್ನು ಹಿಂದಕ್ಕೆ ಜಗ್ಗಿ ನೆಟ್ಟಗೆ ಮಾಡುವುದು. ಇದು ವಿದ್ಯುತ್ ಬ್ರೇಕಿನಿಂದ ಮಾತ್ರ ಸಾಧ್ಯ. ಕೊಂಡಿ ಕಳಚಿದರೆ ತಾನಾಗಿ ಬ್ರೇಕು ಬೀಳುವಂತೆ ಮಾಡುವ ಗುಂಡಿಯೂ, ಮೂಕಿಯ ಕೆಳಗೆ ಅಡ್ಡಡ್ಡಲಾಗಿ ಹಾಯಿಸಿದ ಎರಡು ಸರಪಣಿಗಳೂ ಇರಲೇಬೇಕು. ಮೂಕಿ ಕಳಚಿ ಬಿದ್ದರೂ ಸರಪಣಿಗಳು ಅದನ್ನು ತೊಟ್ಟಿಲಿನಂತೆ ಹಿಡಿದುಕೊಳ್ಳುವುವು.

“ನಾವು ಇಪ್ಪತ್ತು ವರ್ಷ ಹೀಗೆಯೇ ಓಡಿಸಿದ್ದೇವೆ, ಏನೂ ಆಗಲಿಲ್ಲ” ಎನ್ನುವವರು ಎಲ್ಲೆಲ್ಲಿಯೂ ಇದ್ದಾರೆ. ಅವರ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಓಲಾಟವು ಮಿತಿವೇಗದ ಕೆಳಗೆ ತನ್ನ ಸುಳಿವನ್ನೇ ಕೊಡದಿರಬಹುದು. ಇಪ್ಪತ್ತು ವರ್ಷ ಆ ಮಿತಿಯ ಕೆಳಗೇ ಇದ್ದವರು ಅದು ಇಲ್ಲವೆಂದು ನಂಬುವುದು ಸಹಜವೇ ಸರಿ. ಹಗುರವಾದ ಟ್ರೇಲರಿಗೆ ಬೆಲೆ ಹೆಚ್ಚು ಎಂಬ ಆಕ್ಷೇಪಣೆಯೂ ನಿಜವೇ. ಆದರೆ ಹಾಗೆ ಉಳಿಸಿದ ಹಣಕ್ಕೆ ಎದುರಾಗಿ ಒಡ್ಡುತ್ತಿರುವುದು ಕೇವಲ ನಮ್ಮ ಪ್ರಾಣವನ್ನಲ್ಲ. ಎದುರಿನಿಂದ ಬರುತ್ತಿರುವವನ ಪ್ರಾಣವನ್ನೂ. ಅವನನ್ನು ನಾವು ಯಾರೂ ಕೇಳಿಲ್ಲ.

ಬಂಧುವಿಗೆ ನಾನು ಬರೆದ ಉತ್ತರ ಚಿಕ್ಕದು. ಹಗುರವಾದ ಟ್ರೇಲರು, ಎರಡು ಅಚ್ಚುಗಳಿಗೂ ವಿದ್ಯುತ್ ಬ್ರೇಕು, ಕಾರನ್ನು ಹಿಂದುಮುಂದಕ್ಕೆ ಸರಿಸಲು ಎಡೆಯಿರುವಷ್ಟು ಉದ್ದದ ಹಾಸು. ಎಲ್ಲಕ್ಕಿಂತ ಮುಖ್ಯವಾಗಿ, ನೀರನ್ನೂ ಸಾಮಾನನ್ನೂ ತುಂಬಿಕೊಂಡು, ಕಾರನ್ನು ಹತ್ತಿಸಿಕೊಂಡು, ಲಾರಿಗಳನ್ನು ತೂಗುವ ಸ್ಥಳಕ್ಕೆ ಹೋಗಿ ಪ್ರತಿಯೊಂದು ಅಚ್ಚಿನ ಭಾರವನ್ನೂ ಮೂಕಿಯ ಭಾರವನ್ನೂ ಬೇರೆಬೇರೆಯಾಗಿ ತೂಗಿಸಿರಿ. ತಯಾರಕರ ಪತ್ರಿಕೆಯಲ್ಲಿ ಅಚ್ಚಾದುದು ಬರಿಯ ಗಾಡಿಯ ತೂಕ. ನೀವು ಓಡಿಸುವುದು ತುಂಬಿದ ಗಾಡಿಯನ್ನು.

ಮೋಟಾರುಮನೆ ನಮ್ಮಲ್ಲಿ ಅಪರೂಪದ ವಸ್ತು, ಟ್ರೇಲರು ಹಾಗಲ್ಲ. ಕಬ್ಬಿನ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ ಜಿಲ್ಲೆಗಳ ರಸ್ತೆಗಳಲ್ಲಿ ನಿಂತು ನೋಡಿ. ಹೇರು ಅತಿಯಾಗಿ, ಟ್ರಾಕ್ಟರಿನ ಮುಂದಿನ ಚಕ್ರಗಳು ನೆಲವನ್ನು ಬಿಟ್ಟು ಏಳುವ ದೃಶ್ಯ ಕಣ್ಣಿಗೆ ಬಿದ್ದೀತು. ಅಲ್ಲಿಯೂ ಹೇರುವವರು ಕೇಳುವುದು ‘ಎಳೆಯುತ್ತದೆಯೆ?’ ಎಂದೇ. ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಯಲ್ಲೇ ಅಂಥ ಟ್ರಾಕ್ಟರು ಇದ್ದೀತು. ಸನ್ನೆ, ಗುರುತ್ವಕೇಂದ್ರ, ಚಲನಶಕ್ತಿ ಎಂದು ನೀವು ಪರೀಕ್ಷೆಗಾಗಿ ಓದಿದ ಪಾಠಗಳು ನಿಜವಾಗಿ ಉಪಯೋಗಕ್ಕೆ ಬರುವುದು ಅಲ್ಲಿ, ಹೇರು ಕಟ್ಟುವ ಹೊತ್ತಿನಲ್ಲಿ. ‘ಇದನ್ನು ನಿಲ್ಲಿಸಬಲ್ಲೆವೆ?’ ಎಂದು ಮನೆಯಲ್ಲಿ ಮೊದಲು ಕೇಳುವವರು ನೀವಾಗಿರಿ.