ತೆಳು ಹಲಗೆ ಬೇಕೆ? ಒಂದು ದಿನ ಹೆಚ್ಚು ಕೊಡಿ

"ಆಚಾರ್ರೇ, ಮಷಿನ್ ಇದೆಯಲ್ಲ, ಹತ್ತು ನಿಮಿಷದ ಕೆಲಸ. ಸಂಜೆಗೆ ಕೊಟ್ಟುಬಿಡಿ."

ಊರಿನ ಬಡಗಿಗಳ ಶೆಡ್ಡಿನಲ್ಲಿ ಈ ಮಾತನ್ನು ನಾವೂ ಆಡಿದ್ದೇವೆ. ದೇವರ ಮಂಟಪಕ್ಕೋ, ಸಣ್ಣ ಪೆಟ್ಟಿಗೆಗೋ ತೆಳುವಾದ ಹಲಗೆ ಬೇಕಿರುತ್ತದೆ, ಅವಸರ ಮಾಡುತ್ತೇವೆ. ಹಾಗೆ ಅವಸರ ಮಾಡುವುದು ತಪ್ಪು ಎಂದು ಈಗ ನಮಗೆ ಅನ್ನಿಸಿದೆ.

ಬಾಗಿಲ ಪಟ್ಟಿಯನ್ನು ನಯ ಮಾಡುವುದು ಬೇರೆ. ಹೊನ್ನೆ, ಬೀಟೆ, ಮತ್ತಿಯಂಥ ಗಟ್ಟಿ ಮರವನ್ನು 3 ಮಿಲಿಮೀಟರಿಗೆ ಇಳಿಸುವುದು ಬೇರೆ. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟರೆ ಹೆಚ್ಚುಕಮ್ಮಿ ಅಷ್ಟೇ ದಪ್ಪ.

ಸಣ್ಣ ಶೆಡ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಮೇಜಿನ ನಡುವೆ ಬ್ಲೇಡ್ ತಿರುಗುವ ಪ್ಲೇನರ್. ಮರವನ್ನು ಕೈಯಿಂದಲೇ ಒತ್ತಿ ಅದರ ಮೇಲೆ ದೂಡಬೇಕು. ಬ್ಲೇಡ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ. ದಪ್ಪ ಮರವಾದರೆ ತಡೆದುಕೊಳ್ಳುತ್ತದೆ. ತೆಳು ಹಲಗೆ ಬಾಗುತ್ತದೆ, ನಾರಿಗೆ ಎದುರಾಗಿ ಬ್ಲೇಡ್ ಸಿಕ್ಕಿಕೊಂಡರೆ ಚೂರಾಗಿ ಸಿಡಿಯುತ್ತದೆ. ಹಲಗೆ ಹೋದ ಮೇಲೆ ಒತ್ತುತ್ತಿದ್ದ ಕೈ ಎಲ್ಲಿಗೆ ಹೋಗುತ್ತದೆ, ಯೋಚಿಸಿ.

ಸರಿಯಾದ ದಾರಿ ಇದೆ. ರೋಲರ್‌ಗಳೇ ಮರವನ್ನು ಎಳೆದುಕೊಳ್ಳುವ, ಬ್ಲೇಡ್ ಮೇಲ್ಗಡೆ ಇರುವ ಥಿಕ್‌ನೆಸ್ ಮಷಿನ್ ಬೇಕು. ಅದರಲ್ಲೂ ತೆಳು ಹಲಗೆಯನ್ನು ಹಾಗೇ ಬಿಡುವಂತಿಲ್ಲ. ಸಮವಾದ ದಪ್ಪ ಪ್ಲೈವುಡ್ ಮೇಲೆ ಎರಡೂ ಕಡೆ ಅಂಟುವ ಟೇಪಿನಿಂದ ಕೂರಿಸಿ, ಎರಡನ್ನೂ ಒಟ್ಟಿಗೆ ದಾಟಿಸಬೇಕು. ಒಂದು ಸಲಕ್ಕೆ ಅರ್ಧ ಮಿಲಿಮೀಟರಿಗಿಂತ ಹೆಚ್ಚು ತೆಗೆಯಬಾರದು. ಬ್ಲೇಡ್ ಹರಿತ ಇರಬೇಕು. ತುದಿಗಳು ಗುಳಿ ಬೀಳುವುದರಿಂದ ಎರಡೂ ಕಡೆ ಎರಡು ಮೂರು ಇಂಚು ಹೆಚ್ಚು ಉದ್ದ ಬಿಟ್ಟು, ಕೊನೆಗೆ ಕತ್ತರಿಸಬೇಕು. ಎರಡೂ ಮೈಯಿಂದ ಸಮನಾಗಿ ತೆಗೆಯದಿದ್ದರೆ ಹಲಗೆ ಡೊಂಕಾಗುತ್ತದೆ. ರಾತ್ರಿಯಿಡೀ ಭಾರ ಹೇರಿ ಇಡುವುದು ಒಳ್ಳೆಯದು. ಈ ಮಷಿನ್ ಇಲ್ಲದಿದ್ದರೆ ಕೈ ಹತ್ತರಿಯೇ ಗತಿ. ಅದು ನಿಧಾನ, ಆದರೆ ಬೆರಳು ಉಳಿಯುತ್ತದೆ.

ಇಷ್ಟೆಲ್ಲ ಹತ್ತು ನಿಮಿಷದಲ್ಲಿ ಆಗುವುದಿಲ್ಲ. ನಾವು ಚೌಕಾಸಿ ಮಾಡಿ ಕಡಿಮೆ ಮಾಡಿಸುವುದು ಮರದ ಬೆಲೆಯನ್ನಲ್ಲ, ಈ ಸಮಯವನ್ನು. ಆಗ ಮೊದಲು ಬಿಟ್ಟುಹೋಗುವುದು ಕೆಳಗಿನ ಪ್ಲೈವುಡ್, ಆಮೇಲೆ ಬ್ಲೇಡಿನ ಮೇಲಿನ ಮುಚ್ಚಳ.

"ಪ್ಲೈವುಡ್ಡೇ ಸಿಗುತ್ತಲ್ಲ, ಇಷ್ಟು ತಾಪತ್ರಯ ಯಾಕೆ?" ಎನ್ನಬಹುದು. ಪೆಟ್ಟಿಗೆಯ ತಳಕ್ಕೆ ಅದೇ ಸಾಕು, ನಾವೂ ಒಪ್ಪುತ್ತೇವೆ. ಆದರೆ ಮರದ ಬಣ್ಣವೇ ಬೇಕಾದ ಕೆಲಸಗಳಿವೆ. ಜಿಐ ಮಾನ್ಯತೆ ಪಡೆದ ಮೈಸೂರಿನ ಬೀಟೆ ಮರದ ಕುಸುರಿಯಲ್ಲಿ ಬೇರೆ ಬೇರೆ ಬಣ್ಣದ ಮರದ ತೆಳು ತುಂಡುಗಳನ್ನು ಚಿತ್ರಕ್ಕೆ ತಕ್ಕಂತೆ ಕೊಯ್ದು ಕೂರಿಸುತ್ತಾರೆ. ಅದನ್ನು ನೋಡಿ ಮೆಚ್ಚುವ ನಾವು ಊರಿನ ಆಚಾರ್ರಿಗೆ ಮಾತ್ರ ಗಡಿಯಾರ ತೋರಿಸುತ್ತೇವೆ.

ಮುಂದಿನ ಸಲ ತೆಳು ಹಲಗೆ ಹೇಳುವಾಗ ಒಂದು ದಿನ ಹೆಚ್ಚು ಕೊಡಿ, ಆ ದಿನದ ಕೂಲಿಯನ್ನೂ ಕೊಡಿ. ಬಡಗಿ ಕೆಲಸ ಕಲಿಸುವ ಕೇಂದ್ರಗಳು ಮಷಿನ್ ಓಡಿಸುವುದರ ಜೊತೆಗೆ, ಯಾವ ಹಲಗೆಯನ್ನು ಅದಕ್ಕೆ ಕೊಡಬಾರದು ಎಂಬುದನ್ನೂ ಕಲಿಸಲಿ. ಬಡಗಿಗೆ ಕೈಯೇ ಬಂಡವಾಳ. ನಮ್ಮ ಅವಸರಕ್ಕೆ ಅದು ಬಲಿಯಾಗಬಾರದು.