ಎರಡು ಕಂಪ್ಯೂಟರ್, ಒಂದು ಫೋಲ್ಡರ್, ಒಬ್ಬ ತಮ್ಮ

ನಾವು ಮೂವರು. ಒಬ್ಬ ಕೊಳ್ಳೇಗಾಲದವನು, ಒಬ್ಬ ಹನೂರಿನವನು, ಒಬ್ಬಳು ಯಳಂದೂರಿನವಳು. ಓದ್ತಿರೋದು ಮೈಸೂರಲ್ಲಿ. ಮೂವರಿಗೂ ಹಾಸ್ಟೆಲಲ್ಲಿ ಒಂದು ಲ್ಯಾಪ್‌ಟಾಪ್, ಊರಲ್ಲಿ ಒಂದು ಹಳೇ ಡೆಸ್ಕ್‌ಟಾಪ್. "ಎರಡೆರಡು ಕಂಪ್ಯೂಟರ್ ಯಾಕ್ರೋ, ಲ್ಯಾಪ್‌ಟಾಪನ್ನೇ ಹೊತ್ಕೊಂಡು ಹೋಗಿ" ಅಂತ ಬೆಂಗಳೂರಿನ ಗೆಳೆಯರು ಕೇಳ್ತಾರೆ. ಹೊತ್ಕೊಂಡೇ ಹೋಗ್ತೀವಿ. ಆದರೆ ಪ್ರಿಂಟರ್, ಸ್ಕ್ಯಾನರ್ ಇರೋದು ಮನೆ ಕಂಪ್ಯೂಟರಿಗೆ. ಅಪ್ಪನ ಅಂಗಡಿ ಲೆಕ್ಕ, ತಂಗಿಯ ಪಿಯುಸಿ ನೋಟ್ಸು, ಮದುವೆ ಫೋಟೋ ಎಲ್ಲ ಇರೋದೂ ಅದರಲ್ಲೇ. ಭಾನುವಾರ ಮನೆಯಲ್ಲಿ ಅರ್ಧ ಮಾಡಿದ ಕೆಲಸವನ್ನ ಸೋಮವಾರ ಹಾಸ್ಟೆಲಲ್ಲಿ ತೆರೆದರೆ ಹೋದ ವಾರದ ಫೈಲು ಬಾಯಿ ತೆರೆದುಕೊಂಡು ಕೂತಿರುತ್ತೆ.

ಇದಕ್ಕೆ ಸೀನಿಯರ್‌ಗಳು ಕೊಡೋ ಉತ್ತರ ಒಂದೇ: "ಎಲ್ಲಾ ಕ್ಲೌಡಿಗೆ ಹಾಕ್ಬಿಡು, ತಾನೇ ಸಿಂಕ್ ಆಗುತ್ತೆ." ಈ ಮಾತಿನ ಬಗ್ಗೆ ನಮಗೆ ತಕರಾರಿದೆ. ಅದನ್ನ ಹೇಳೋಕೇ ಇದನ್ನ ಬರೀತಿರೋದು.

ಮೊದಲು ನಮ್ಮ ಕತೆ. ನಮ್ಮ ಈ ಪತ್ರಿಕೆಗೆ ಹಾಕೋಣ ಅಂತ ಹನೂರಿನ ಗೆಳೆಯ ಅವರಜ್ಜಿ ಹೇಳೋ ಮಾದಪ್ಪನ ಕತೆಗಳನ್ನ ರೆಕಾರ್ಡ್ ಮಾಡಿಕೊಂಡಿದ್ದ. ಮಲೆ ಮಹದೇಶ್ವರ ಬೆಟ್ಟದ ಕಡೆ ನಡೆದು ಹೋಗ್ತಿದ್ದ ಕಾಲದ್ದು, ದಾರೀಲಿ ಯಾರು ಸಿಕ್ಕರು, ಯಾವ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದರು, ಎಲ್ಲ ಸೇರಿ ನಲವತ್ತೇಳು ನಿಮಿಷ. ಮೊಬೈಲಿನಿಂದ ಡೆಸ್ಕ್‌ಟಾಪಿಗೆ ಹಾಕಿ, ಮೊಬೈಲಿಂದ ಅಳಿಸಿದ. ಆ ಫೋಲ್ಡರ್ ಲ್ಯಾಪ್‌ಟಾಪಿನ ಜೊತೆ ಸಿಂಕ್ ಆಗ್ತಿತ್ತು. ಎರಡು ಕಡೆ ಇದೆ ಅಂತ ನಿಶ್ಚಿಂತೆ. ಇಂಟರ್ನಲ್ಸ್ ಬಂತು, ಯಾರೂ ಆ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಊರಲ್ಲಿ ತಮ್ಮನಿಗೆ ಗೇಮ್ ಹಾಕೋಕೆ ಜಾಗ ಸಾಲದೆ ಬಂದು, "ದೊಡ್ಡ ಫೈಲು" ಅಂತ ಕಂಡಿದ್ದನ್ನೆಲ್ಲ ಅಳಿಸಿದ. ಸಿಂಕ್ ಅದರ ಕೆಲಸವನ್ನ ಅಚ್ಚುಕಟ್ಟಾಗಿ ಮಾಡ್ತು: ಇಲ್ಲಿ ಹಾಸ್ಟೆಲಲ್ಲೂ ಅಳಿಸ್ತು. ನಾವು ಹುಡುಕೋ ಹೊತ್ತಿಗೆ ಕಸದಬುಟ್ಟಿಯ ಗಡುವೂ ಮುಗಿದಿತ್ತು.

ಅಜ್ಜಿ ಪುಣ್ಯಕ್ಕೆ ಗಟ್ಟಿಮುಟ್ಟಾಗಿದ್ದಾರೆ. ಮತ್ತೆ ಹೋಗಿ ಮೊಬೈಲ್ ಮುಂದಿಟ್ಟಾಗ, "ಆಗ್ಲೇ ಏಳುದ್ನಲ್ಲ ಕೂಸು, ಎಸ್ಟ್ ಸಲ ಅದ್ನೇ ಏಳಾದು?" ಅಂದರು. ಹೇಳಿದರು, ಆದರೆ ಇಪ್ಪತ್ತೆರಡು ನಿಮಿಷ. ಬುತ್ತಿ ಬಿಚ್ಚಿದ ಕಲ್ಲು ಈ ಸಲ ಬರಲೇ ಇಲ್ಲ.

ತಪ್ಪು ತಮ್ಮನದಲ್ಲ, ಆ ಆ್ಯಪಿನದೂ ಅಲ್ಲ. ಸಿಂಕ್ ಅಂದ್ರೆ ಬ್ಯಾಕಪ್ ಅಂತ ಅಂದುಕೊಂಡಿದ್ದ ನಮ್ಮದು. ಸಿಂಕ್ ಅನ್ನೋದು ಕನ್ನಡಿ ಇದ್ದ ಹಾಗೆ. ನೀವು ಮುಖ ತೊಳೆದ್ರೂ ತೋರಿಸುತ್ತೆ, ಮಸಿ ಬಳ್ಕೊಂಡ್ರೂ ತೋರಿಸುತ್ತೆ. ಬ್ಯಾಕಪ್ ಅಂದ್ರೆ ಹಳೇ ಫೋಟೋ. ನಿಮ್ಮ ಮುಖ ಇವತ್ತು ಏನಾದ್ರೂ ಆಗ್ಲಿ, ಅದು ಹಾಗೇ ಇರುತ್ತೆ. ಎರಡು ಕಂಪ್ಯೂಟರಲ್ಲಿ ಒಂದೇ ಫೈಲ್ ಇದೆ ಅಂದ ಮಾತ್ರಕ್ಕೆ ಎರಡು ಪ್ರತಿ ಇದೆ ಅಂತಲ್ಲ. ಎರಡೂ ಒಂದೇ ದಾರಕ್ಕೆ ಕಟ್ಟಿದ್ದರೆ ಇರೋದು ಒಂದೇ ಪ್ರತಿ.

ಇನ್ನು ಕ್ಲೌಡ್ ವಿಷಯ. ಅದು ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಈ ಲೇಖನದ ಕರಡನ್ನೇ ಗೂಗಲ್ ಡಾಕ್ಸಲ್ಲಿ ಮೂವರೂ ಸೇರಿ ಬರೆದಿದ್ದು. ಆದರೆ ಅದು ನೆಟ್ ಯಾವಾಗಲೂ ಇರುತ್ತೆ ಅನ್ನೋ ನಂಬಿಕೆ ಮೇಲೆ ಕಟ್ಟಿದ್ದು. ನಮ್ಮ ಮೂರೂ ಮನೆಯಲ್ಲಿ ನೆಟ್ ಅಂದ್ರೆ ಅಪ್ಪನ ಮೊಬೈಲಿನ ಹಾಟ್‌ಸ್ಪಾಟು, ದಿನಕ್ಕೆ ಇಷ್ಟು ಜಿಬಿ ಅನ್ನೋ ಪ್ಯಾಕು. ಲೆಕ್ಕ ಹಾಕಿ ನೋಡಿ: ಸಿಡಿ ಗುಣಮಟ್ಟದ ವೇವ್ ರೆಕಾರ್ಡಿಂಗ್ ನಿಮಿಷಕ್ಕೆ ಸುಮಾರು 10 ಎಂಬಿ. ನಲವತ್ತೇಳು ನಿಮಿಷಕ್ಕೆ 470 ಎಂಬಿ. ಸೆಕೆಂಡಿಗೆ 2 ಮೆಗಾಬಿಟ್ ಅಪ್‌ಲೋಡ್ ಸಿಕ್ಕಿದ್ರೂ ಅರ್ಧ ಗಂಟೆಗೂ ಮೇಲೆ ಬೇಕು. ಅದೇ ಫೈಲ್ ಆಮೇಲೆ ಇನ್ನೊಂದು ಕಂಪ್ಯೂಟರಿಗೆ ಇಳೀಬೇಕು. ಅಕ್ಕಪಕ್ಕ ಒಂದೇ ಮೇಜಿನ ಮೇಲೆ ಕೂತಿರೋ ಎರಡು ಕಂಪ್ಯೂಟರುಗಳು ಮಾತಾಡೋಕೆ ಎಲ್ಲೋ ದೂರದ ಸರ್ವರಿಗೆ ಹೋಗಿ ಬರೋದು, ಯಳಂದೂರಿಂದ ಕೊಳ್ಳೇಗಾಲಕ್ಕೆ ಬೆಂಗಳೂರಿನ ಮೇಲೆ ಹೋದಂಗೆ.

ಈ ತಲೆನೋವು ಹೊಸದೇನಲ್ಲ. ವಿಂಡೋಸ್ 95ರಲ್ಲೇ 'ಬ್ರೀಫ್‌ಕೇಸ್' ಅಂತ ಒಂದಿತ್ತು. ಆಫೀಸಿನ ಫೈಲನ್ನ ಅದರಲ್ಲಿ ಹಾಕಿ, ಫ್ಲಾಪಿಯಲ್ಲಿ ಮನೆಗೆ ಒಯ್ದು, ತಿದ್ದಿ ತಂದರೆ ಯಾವುದು ಹೊಸದು ಅಂತ ಅದೇ ನೋಡಿ ಹೊಂದಿಸ್ತಿತ್ತು. ಡ್ರಾಪ್‌ಬಾಕ್ಸ್ ಹುಟ್ಟಿದ ಕತೆ ಇನ್ನೂ ನಮಗೆ ಹತ್ತಿರದ್ದು. ಡ್ರೂ ಹೂಸ್ಟನ್ ಅನ್ನೋ ಎಂಐಟಿ ಹುಡುಗ ಬಾಸ್ಟನ್ನಿನಿಂದ ನ್ಯೂಯಾರ್ಕಿಗೆ ಬಸ್ ಹತ್ತಿದ; ಕೆಲಸ ಮಾಡೋಣ ಅಂತ ಲ್ಯಾಪ್‌ಟಾಪ್ ತೆಗೆದರೆ ಪೆನ್‌ಡ್ರೈವ್ ಮನೆಯಲ್ಲೇ ಮರೆತು ಬಂದಿದ್ದ. ಬಸ್ಸಲ್ಲೇ ಕೋಡ್ ಬರೆಯೋಕೆ ಶುರು ಮಾಡಿದ ಅಂತ ಅವನೇ ಹೇಳ್ಕೊಂಡಿದ್ದಾನೆ. ಕಂಪನಿ ಶುರುವಾಗಿದ್ದು 2007ರಲ್ಲಿ. ಕೊಳ್ಳೇಗಾಲಕ್ಕೆ ರೈಲಿಲ್ಲ, ನಾವೂ ಬಸ್ಸೇ. ಪೆನ್‌ಡ್ರೈವೂ ಎಷ್ಟೋ ಸಲ ಮರೆತಿದ್ದೀವಿ. ಕಂಪನಿ ಮಾತ್ರ ಹುಟ್ಟಲಿಲ್ಲ. ಸೀಟ್ ಸಿಕ್ಕಿದ್ರೆ ತಾನೆ ಕೋಡ್ ಬರೆಯೋದು!

ಈಗ ನಾವು ಮಾಡ್ತಿರೋದು ಇಷ್ಟು. ಫೈಲುಗಳಿಗೆ ಸಿಂಕ್‌ಥಿಂಗ್ ಅನ್ನೋ ಮುಕ್ತ ತಂತ್ರಾಂಶ. ನಡುವೆ ನಮ್ಮ ಫೈಲ್ ಇಟ್ಕೊಳ್ಳೋ ಸರ್ವರ್ ಇಲ್ಲ. ಎರಡೂ ಕಂಪ್ಯೂಟರ್ ಒಂದೇ ವೈಫೈಯಲ್ಲಿದ್ದರೆ ನೇರ ಮಾತಾಡ್ಕೊಳ್ತವೆ. ಮೊಬೈಲ್ ಹಾಟ್‌ಸ್ಪಾಟಿಗೆ ಎರಡನ್ನೂ ಸೇರಿಸಿದರೂ ಆಯ್ತು. ಅವೆರಡರ ನಡುವಿನ ಓಡಾಟಕ್ಕೆ ಪ್ಯಾಕಿನ ಡೇಟಾ ಖರ್ಚಾಗಲ್ಲ. ಶನಿವಾರ ರಾತ್ರಿ ಊಟಕ್ಕೆ ಕೂರೋ ಮುಂಚೆ ಎರಡನ್ನೂ ಆನ್ ಮಾಡಿದರೆ ಕೈ ತೊಳೆಯೋ ಹೊತ್ತಿಗೆ ಮುಗಿದಿರುತ್ತೆ. ಕೊರತೆನೂ ಹೇಳಬೇಕು: ಎರಡೂ ಒಂದೇ ಹೊತ್ತಲ್ಲಿ ಆನ್ ಇರಬೇಕು. ಕರೆಂಟ್ ಹೋದರೆ ಕಾಯಬೇಕು. ಅದರಲ್ಲಿ ಫೈಲಿನ ಹಳೇ ಪ್ರತಿ ಉಳಿಸೋ ಆಯ್ಕೆ ಇದೆ, ತಾನಾಗೇ ಆನ್ ಆಗಿರಲ್ಲ. ಮೊದಲನೇ ದಿನವೇ ಅದನ್ನ ಹಾಕ್ಕೊಳ್ಳಿ. ಎರಡೂ ಕಡೆ ಒಂದೇ ಫೈಲ್ ತಿದ್ದಿದ್ರೆ 'ಕಾನ್‌ಫ್ಲಿಕ್ಟ್' ಅಂತ ಹೆಸರು ಸೇರಿಸಿ ಇನ್ನೊಂದು ಪ್ರತಿ ಇಡುತ್ತೆ. ಅದನ್ನ ಕಸ ಅಂತ ಅಳಿಸಬೇಡಿ, ನಿಮ್ಮ ಒಂದು ಸಂಜೆಯ ಕೆಲಸ ಅದರಲ್ಲಿರುತ್ತೆ. ಕೋಡಿಗೆ ಮಾತ್ರ ಗಿಟ್. ಗಿಟ್ ಫೋಲ್ಡರನ್ನ ಸಿಂಕ್ ಫೋಲ್ಡರ್ ಒಳಗೆ ಇಟ್ಟು ನಾವು ಒಂದ್ಸಲ ಕೆಡಿಸ್ಕೊಂಡಿದ್ದೀವಿ. ಬೇಡ.

ಮತ್ತೆ ಸಿಂಕ್ ಮಾಡಲೇಬಾರದ ಫೋಲ್ಡರೂ ಒಂದಿದೆ. ಕೊಳ್ಳೇಗಾಲದ ಗೆಳೆಯನ ಮನೆಯಲ್ಲಿ ತಾತನ ಕಾಲದ ಜಮೀನಿನ ಕಾಗದಗಳ ಸ್ಕ್ಯಾನ್ ಇವೆ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತಲ್ಲ, ಕಾಗದದಲ್ಲಿ ತಮಿಳು ಕೂಡ ಇದೆ. (ಪಕ್ಕದ ಯಳಂದೂರು ಆಗಲೂ ಮೈಸೂರಿನದೇ. ಅದನ್ನ ನಮ್ಮ ಯಳಂದೂರಿನವಳು ವಾರಕ್ಕೊಮ್ಮೆ ನೆನಪಿಸ್ತಾಳೆ.) ಮೂಲ ಕಾಗದ ಮಡಿಕೆ ಮಡಿಕೆಯಲ್ಲಿ ಹರೀತಿದೆ. ಇಂಥದ್ದನ್ನ ಒಂದು ಹಾರ್ಡ್‌ಡಿಸ್ಕಿಗೆ ಹಾಕಿ, ತಂತಿ ಕಿತ್ತು, ಬೀರುವಿನಲ್ಲಿಡಬೇಕು. ಅಜ್ಜಿಯ ಇಪ್ಪತ್ತೆರಡು ನಿಮಿಷವೂ ಈಗ ಅಲ್ಲೇ ಇದೆ.

ಆ್ಯಪುಗಳದು ಬೇರೆ ಕತೆ. ಪ್ರೋಗ್ರಾಮ್ ಫೋಲ್ಡರನ್ನೇ ಕಾಪಿ ಮಾಡಿದರೆ ಬಹಳಷ್ಟು ಆ್ಯಪು ಓಡಲ್ಲ, ಅದರ ಬೇರು ರಿಜಿಸ್ಟ್ರಿಯಲ್ಲಿ, ಬೇರೆ ಬೇರೆ ಫೋಲ್ಡರಿನಲ್ಲಿ ಹರಡಿರುತ್ತೆ. ಪಟ್ಟಿ ಒಯ್ಯಿರಿ, ಆ್ಯಪು ಬೇಡ. ವಿಂಡೋಸ್ 10, 11ರಲ್ಲಿ ವಿಂಗೆಟ್ ಆಜ್ಞೆಯಿಂದ ಹಾಕಿರೋ ಆ್ಯಪುಗಳ ಪಟ್ಟಿಯನ್ನ ಫೈಲಾಗಿ ತೆಗೆದು ಇನ್ನೊಂದರಲ್ಲಿ ಅದೇ ಪಟ್ಟಿ ಕೊಟ್ಟು ಹಾಕಿಸಬಹುದು. ಅದಕ್ಕೆ ಸಿಗದ ಕೆಲವನ್ನ ಕೈಯಲ್ಲೇ ಹಾಕಬೇಕು. ದೊಡ್ಡ ಇನ್‌ಸ್ಟಾಲರ್‌ಗಳನ್ನ ಕಾಲೇಜ್ ವೈಫೈಯಲ್ಲಿ ಇಳಿಸಿ ಪೆನ್‌ಡ್ರೈವಲ್ಲಿ ಒಯ್ಯೋದು ಜಾಣತನ. ಯಳಂದೂರಿನ ಡೆಸ್ಕ್‌ಟಾಪಲ್ಲಿ ವಿಂಡೋಸ್ 7 ಇತ್ತು, ಪೈಥಾನ್ 3.8ರ ಮೇಲೆ ಹತ್ತಲ್ಲ ಅಂತು. ಲಿನಕ್ಸ್ ಹಾಕಿದೆವು. ಹಾಕಿದ ಮೇಲೆ ಹೊಸ ರಗಳೆ: ಇಂಗ್ಲಿಷ್ ಫೈಲ್ ಹೆಸರಲ್ಲಿ ದೊಡ್ಡಕ್ಷರ ಸಣ್ಣಕ್ಷರ ಲಿನಕ್ಸಿಗೆ ಬೇರೆ ಬೇರೆ, ವಿಂಡೋಸಿಗೆ ಒಂದೇ. ಕನ್ನಡದಲ್ಲಿ ಆ ಭೇದವೇ ಇಲ್ಲ, ಅದಕ್ಕೇ ಕನ್ನಡದಲ್ಲೇ ಹೆಸರಿಡಿ ಅನ್ನೋದು ನಮ್ಮ ಸಲಹೆ. ಅಪರೂಪಕ್ಕೆ ಒಂದು ತೊಡಕುಂಟು: 'ಕೊಳ್ಳೇಗಾಲ'ದ 'ಕೊ' ಅಕ್ಷರದ ಸ್ವರಚಿಹ್ನೆಯನ್ನ ಯೂನಿಕೋಡಲ್ಲಿ ಒಂದೇ ಸಂಕೇತವಾಗಿಯೂ ಬರೀಬಹುದು, ಎರಡಾಗಿ ಒಡೆದೂ ಬರೀಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು ಊರು.

ನುಡಿಯ ಹಳೇ ಫೈಲುಗಳದ್ದು ಇದಕ್ಕಿಂತ ದೊಡ್ಡ ಗೋಳು. ಕೊಳ್ಳೇಗಾಲದ ಗೆಳೆಯನ ಅಪ್ಪನದು ಡಿಟಿಪಿ ಅಂಗಡಿ. ವರ್ಷಗಟ್ಟಲೆ ಮಾಡಿದ ಲಗ್ನಪತ್ರಿಕೆ, ತಿಥಿ ಕಾರ್ಡು, ಜಾತ್ರೆ ಕರಪತ್ರ ಎಲ್ಲ ನುಡಿ ಫಾಂಟಲ್ಲಿವೆ. ಸಿಂಕ್ ಪಕ್ಕಾ ಆಯ್ತು, ಒಂದು ಬೈಟೂ ಕಮ್ಮಿಯಿಲ್ಲ. ಲ್ಯಾಪ್‌ಟಾಪಲ್ಲಿ ತೆಗೆದರೆ ಬರೀ ಇಂಗ್ಲಿಷ್ ಅಕ್ಷರ, ಕೊಂಬು, ಬಾಲ. ಯಾಕಂದ್ರೆ ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಿಲ್ಲ. ಫಾಂಟ್ ಹಾಕಿದರೆ ಕಾಣುತ್ತೆ, ಹುಡುಕಿದರೆ ಸಿಗಲ್ಲ. ಹಾಗಾಗಿ ಎರಡು ಕಂಪ್ಯೂಟರ್ ಹೊಂದಿಸೋ ಮುಂಚೆ ಫೈಲನ್ನ ಯೂನಿಕೋಡಿಗೆ ತನ್ನಿ ಅಂತೀವಿ ನಾವು. ಅವನ ಅಪ್ಪ ಮಾತ್ರ ಒಪ್ಪಿಲ್ಲ. "ಪರಿವರ್ತನೆ ಮಾಡ್ದಾಗ ಒಂದು ಅರ್ಕಾವತ್ತು ಎಗರೋದ್ರೆ ವಧುವಿನ ಹೆಸರೇ ಕೆಟ್ಟೋಯ್ತದೆ, ಯಾರ್ ಬೈಸ್ಕೊಳೋರು?" ಅಂತಾರೆ. ಅವರ ಮಾತಲ್ಲೂ ನ್ಯಾಯ ಇದೆ. ಮೂಲ ಫೈಲನ್ನ ಹಾಗೇ ಬಿಟ್ಟು, ಪಕ್ಕದಲ್ಲಿ ಯೂನಿಕೋಡ್ ಪ್ರತಿ ಮಾಡಿಟ್ಟು, ಒಂದೊಂದಾಗಿ ಓದಿ ನೋಡ್ತಿದ್ದೀವಿ. ಇಲ್ಲಿಯವರೆಗೆ ಅರವತ್ತು ಲಗ್ನಪತ್ರಿಕೆ ಮುಗಿದಿವೆ. ಮುಂದಿನ ಶನಿವಾರ ಬರೋರಿದ್ರೆ ಹೇಳಿ, ತಿಥಿ ಕಾರ್ಡುಗಳು ಹಾಗೇ ಕೂತಿವೆ.