ಆಪತ್ತಿನಲ್ಲಿ ಆಜ್ಞೆ ಯಾರದು?

1904ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರಕ್ಕೆ ಬೆಂಕಿ ಬಿದ್ದಿತು. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ಮೊದಲಾದ ನಗರಗಳಿಂದ ಅಗ್ನಿಶಾಮಕ ದಳಗಳು ನೆರವಿಗೆ ಧಾವಿಸಿದುವು. ಆದರೆ ಹಲವು ದಳಗಳ ಕೊಳವೆಗಳ ತಿರುಪು ಆ ಊರಿನ ನೀರಿನ ಕಂಬಗಳ ತಿರುಪಿಗೆ ಹೊಂದಲಿಲ್ಲ. 1,500ಕ್ಕೂ ಹೆಚ್ಚು ಕಟ್ಟಡಗಳು ನಾಶವಾದುವು. ಅಲ್ಲಿ ಜನರಿದ್ದರು, ಯಂತ್ರಗಳಿದ್ದುವು, ಧೈರ್ಯವೂ ಇದ್ದಿತು. ಅಳತೆಯ ಒಪ್ಪಂದವೊಂದು ಇರಲಿಲ್ಲ.

ಲೋಹದ ತಿರುಪುಗಳಿಗೆ ಒಂದೇ ಅಳತೆಯನ್ನು ಗೊತ್ತುಮಾಡುವುದು ಸುಲಭ. ಮನುಷ್ಯರ ಕಾರ್ಯಕ್ರಮವನ್ನು ಹಾಗೆ ಹೊಂದಿಸುವುದು ಹೇಗೆ? 1970ರಲ್ಲಿ ಕ್ಯಾಲಿಫೋರ್ನಿಯದ ಕಾಳ್ಗಿಚ್ಚು ಹದಿಮೂರು ದಿನಗಳಲ್ಲಿ 16 ಮಂದಿಯನ್ನು ಬಲಿ ತೆಗೆದುಕೊಂಡಾಗ ಈ ಪ್ರಶ್ನೆ ತೀವ್ರವಾಗಿ ಎದುರಾಯಿತು. ಅನಂತರ ಅಲ್ಲಿ ರೂಪುಗೊಂಡ ಪದ್ಧತಿಯ ತತ್ತ್ವ ಸರಳವಾದುದು. ಪ್ರತಿಯೊಬ್ಬನೂ ಒಬ್ಬನೇ ಮೇಲಧಿಕಾರಿಗೆ ಉತ್ತರ ಕೊಡಬೇಕು. ಒಬ್ಬ ಅಧಿಕಾರಿಯ ಕೈಕೆಳಗೆ ಮೂರರಿಂದ ಏಳು ಮಂದಿ, ಸಾಧ್ಯವಾದರೆ ಐವರು, ಇರಬೇಕು. ಸಂಕೇತ ಪದಗಳನ್ನು ಬಿಟ್ಟು ಎಲ್ಲರಿಗೂ ತಿಳಿಯುವ ಮಾತನ್ನೇ ಆಡಬೇಕು.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ 343 ಅಗ್ನಿಶಾಮಕ ಸಿಬ್ಬಂದಿ ಮಡಿದರು. ಇದಕ್ಕೆ ಕಾರಣಗಳು ಹಲವು. ಆದರೆ ಗೋಪುರದ ಅಪಾಯಸ್ಥಿತಿಯನ್ನು ಪೊಲೀಸರ ಹೆಲಿಕಾಪ್ಟರ್ ಕಂಡು ಹೇಳಿದ ಎಚ್ಚರಿಕೆ ಪೊಲೀಸರ ರೇಡಿಯೋದಲ್ಲಿಯೇ ಉಳಿಯಿತು. ಒಳಗಿದ್ದ ಅಗ್ನಿಶಾಮಕರಿಗೆ ಅದು ತಲಪಲಿಲ್ಲ ಎಂಬುದನ್ನು ನಾವು ಮರೆಯುವಂತಿಲ್ಲ. 2004ರಲ್ಲಿ ಆ ನಗರವು, ಯಾವ ಬಗೆಯ ಅವಘಡದಲ್ಲಿ ಯಾವ ಇಲಾಖೆಯ ಆಜ್ಞೆ ನಡೆಯಬೇಕೆಂಬುದನ್ನು ಮುಂಚಿತವಾಗಿಯೇ ಬರೆದಿಟ್ಟ ಸಾಮಾನ್ಯ ಕಾರ್ಯವಿಧಾನವೊಂದನ್ನು ಪ್ರಕಟಿಸಿತು.

ವಿವಾದ ತಪ್ಪಲಿಲ್ಲ. ಅಪಾಯಕರ ರಾಸಾಯನಿಕಗಳ ಅವಘಡದಲ್ಲಿ ಮೊದಲ ಅಧಿಕಾರವನ್ನು ಪೊಲೀಸರಿಗೆ ಕೊಟ್ಟುದನ್ನು ಅಗ್ನಿಶಾಮಕ ದಳದ ಹಿರಿಯರು ಬಹಿರಂಗವಾಗಿ ಆಕ್ಷೇಪಿಸಿದರು. ಅವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಜಗಳ ಆಗಲೇಬೇಕಾದರೆ ಅದು ಸಭೆಯ ಮೇಜಿನ ಸುತ್ತ ಆಗಲಿ. ಹೊಗೆಯ ನಡುವೆ ಆಗುವುದು ಬೇಡ.

ನಿಯಮಗಳು ಶೂರರ ಕೈಕಟ್ಟುತ್ತವೆ ಎನ್ನುವವರಿದ್ದಾರೆ. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ಯಾರು ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿದ್ದರೆ, ಅಧಿಕಾರಿಯ ಬುದ್ಧಿಯೆಲ್ಲವೂ ಎದುರಿಗಿರುವ ಅಪಾಯದ ಕಡೆಗೆ ತಿರುಗಬಲ್ಲದು. ವಾದ್ಯಗಳನ್ನು ಕಚೇರಿಗೆ ಮೊದಲು ಶ್ರುತಿಗೂಡಿಸುವುದು ಹಾಡುಗಾರನ ಮನೋಧರ್ಮಕ್ಕೆ ಅಡ್ಡಿಯಾದೀತೇ?

ಆದರೂ ಬರೆದಿಟ್ಟ ಮಾತ್ರಕ್ಕೆ ಯಾವ ವಿಧಾನವೂ ಕಾಪಾಡಲಾರದು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2010ರಲ್ಲಿ ಇಂಥದೇ ಪದ್ಧತಿಯ ಮಾರ್ಗಸೂಚಿಯನ್ನು ಹೊರಡಿಸಿದೆ. ಪೊಲೀಸರು, ಅಗ್ನಿಶಾಮಕರು, ವೈದ್ಯರು, ನಗರಪಾಲಿಕೆಯವರು ಒಟ್ಟುಗೂಡಿ ಮತ್ತೆ ಮತ್ತೆ ಅಭ್ಯಾಸ ಮಾಡಿದಾಗಲೇ ಅಂಥ ಗ್ರಂಥಕ್ಕೆ ಜೀವ ಬರುತ್ತದೆ.

ವಿದ್ಯಾರ್ಥಿಗಳೇ, ನಿಮ್ಮ ಶಾಲೆಯಲ್ಲಿ ಬೆಂಕಿಯ ಗಂಟೆ ಬಾರಿಸಿದರೆ ಆಜ್ಞೆ ಕೊಡುವವರು ಯಾರು? ಅವರಿಲ್ಲದ ದಿನ ಯಾರು? ನಾಳೆಯೇ ಕೇಳಿ ನೋಡಿರಿ. ಉತ್ತರಿಸುವವರು ತಡವರಿಸಿದರೆ, ಬಾಲ್ಟಿಮೋರಿನ ತಿರುಪು ನಮ್ಮಲ್ಲಿಯೂ ಇನ್ನೂ ಹೊಂದಿಲ್ಲವೆಂದು ತಿಳಿಯಬೇಕು.